ದೊರೆಯ ಊಟ, ಸೋಮವಾರದ ಗಂಟು

ಮಾರ್ಚ್ ೩, ಸೋಮವಾರ

ಅಕ್ಕ ಮದುವೆಯಾಗಿ ಹೋದ ಮೇಲೆ ಈ ಮನೆಯಲ್ಲಿ ಕೆಡುವುದಕ್ಕೆ ಇನ್ನೇನು ಉಳಿದಿದೆ ಅಂದುಕೊಂಡಿದ್ದೆ. ಬೆಕ್ಕಿನ ಕಿಡ್ನಿ ಉಳಿದಿತ್ತು.

ಪ್ರಾಣಿಗಳ ಡಾಕ್ಟರಮ್ಮ ಚೀಟಿ ಬರೆಯುವಾಗ ಹೆಸರು ಕೇಳಿದಳು. ನನ್ನ ಹೆಸರು ಹೇಳಿದೆ. "ನಿಮ್ದಲ್ಲಮ್ಮ, ಬೆಕ್ಕಿಂದು" ಅಂದಳು. ದೊರೆ ಅಂದೆ. ನಕ್ಕಳು. ಮರಿಯಾಗಿದ್ದಾಗ ನಮ್ಮ ಹೊಲಿಗೆ ಅಂಗಡಿಗೆ ನುಗ್ಗಿ, ಗಿರಾಕಿಗಳ ಕುರ್ಚಿ ಏರಿ, ಎಲ್ಲಿ ಅಳತೆ ತೆಗೆಯಿರಿ ನೋಡೋಣ ಎಂಬಂತೆ ಕೂತಿದ್ದಕ್ಕೆ ಅಕ್ಕ ಇಟ್ಟ ಹೆಸರು ಅದು. ನಗುವವಳಿಗೆ ಅದನ್ನೆಲ್ಲ ಯಾಕೆ ಹೇಳಲಿ.

"ಮೀನು ಸಾಕಮ್ಮ ಇವನಿಗೆ. ಇನ್ಮೇಲೆ ಈ ಡಬ್ಬಿ ಊಟಾನೇ. ಆದ್ರೆ ಒಂದೇ ಸಲಕ್ಕೆ ಬದಲಾಯಿಸಬೇಡಿ. ಹಳೇದರಲ್ಲಿ ಒಂದು ಚಮಚ ಹೊಸದು ಕಲಸಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಿ. ಹಸಿವಾದ್ರೆ ತಾನೇ ತಿನ್ನುತ್ತೆ ಅಂತ ಹಟಕ್ಕೆ ಬೀಳಬೇಡಿ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ರೆ ನೇರ ಇಲ್ಲಿಗೆ ಕರ್ಕೊಂಡು ಬನ್ನಿ. ಬೆಕ್ಕಿಗೆ ಉಪವಾಸ ಆಗಿಬರಲ್ಲ."

"ಊಟ ಬದಲಾಗದೇ ಇದ್ರೆ?"

"ಬದಲಾಗಲೇಬೇಕು. ಇಲ್ಲಾಂದ್ರೆ ಈ ವರ್ಷ ದಾಟೋದು ಕಷ್ಟ."

ಬಂದ ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳ ಗಂಡ, ಗಾರ್ಡು, ಎತ್ತಿದ. "ಹೂಂ" ಅಂದ. ಅಷ್ಟೇ. ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತನಾದ ಮನುಷ್ಯ. ಹಸಿರು ಬಾವುಟ, ಕೆಂಪು ಬಾವುಟ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲವೇನೋ. ಐವತ್ತು ದಾಟಿದ ಮೇಲೆ ನಮ್ಮಕ್ಕನಿಗೆ ಈ ಮನುಷ್ಯನಲ್ಲಿ ಏನು ಕಂಡಿತೋ, ನನಗಂತೂ ಬಗೆಹರಿದಿಲ್ಲ. ಬೆಕ್ಕಿನ ಕೂದಲು ಅವನಿಗೆ ಆಗುವುದಿಲ್ಲ, ಸೀನು ಶುರುವಾದರೆ ಉಸಿರೇ ಕಟ್ಟುತ್ತದೆ. ಅದಕ್ಕೇ ಅಕ್ಕ ಅಲ್ಲಿ, ದೊರೆ ಇಲ್ಲಿ.

"ನಾನಿದ್ದಿದ್ರೆ ತಿನ್ನಿಸ್ತಿದ್ದೆ" ಅಂದಳು ಅಕ್ಕ. ಅಲ್ಲವೇ ಮತ್ತೆ! ನೀನಿದ್ದಿದ್ದರೆ ಅನ್ನುವುದನ್ನು ನಾನು ಎದ್ದಾಗಿನಿಂದ ಮಲಗುವವರೆಗೆ ಅಂದುಕೊಳ್ಳುತ್ತೇನೆ.

ಬೆಳಿಗ್ಗೆ ಗಂಟು ಕಳಿಸಿದ್ದಾಯಿತು. ಮೊದಲಿನಿಂದಲೂ ಅಕ್ಕ ಕತ್ತರಿಸುವವಳು, ನಾನು ಹೊಲಿಯುವವಳು. ನಾನು ಬಟ್ಟೆಗೆ ಕತ್ತರಿ ಹಾಕಿದವಳಲ್ಲ, ಅವಳು ಮೆಷಿನ್ ತುಳಿದವಳಲ್ಲ. ಬಸ್ಸಿನಲ್ಲಿ ನಾಲ್ಕು ತಾಸಿನ ದೂರಕ್ಕೆ ಹೋದರೂ ಅದು ಬದಲಾಗಿಲ್ಲ. ಸೋಮವಾರ ಬಟ್ಟೆ, ಅಳತೆ ಎಲ್ಲ ಗಂಟು ಕಟ್ಟಿ ಕಂಡಕ್ಟರನ ಕೈಗೆ ಕೊಡುತ್ತೇನೆ. ಅಲ್ಲಿ ಅವಳು ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾಳೆ. ಗುರುವಾರ ಸಂಜೆ ಕತ್ತರಿಸಿದ ತುಂಡುಗಳು ಅದೇ ನೀಲಿ ಹೊದಿಕೆಯಲ್ಲಿ ವಾಪಸು ಬರುತ್ತವೆ. ಪ್ರತಿ ಸಲವೂ ಒಂದೇ ಮಾತು: "ಹೊದಿಕೆ ಚೆನ್ನಾಗಿ ಕೊಡವಿ ಕಟ್ಟು ಕಣೇ, ಕೂದಲು ಇದ್ರೆ ಅವರಿಗೆ ಕಷ್ಟ."

ಕೊಡವುತ್ತೇನೆ. ಸಿಟ್ಟೆಲ್ಲ ತೀರುವಷ್ಟು ಕೊಡವುತ್ತೇನೆ.

ಮಾರ್ಚ್ ೫, ಬುಧವಾರ

ಒಂದು ಚಮಚ ಹೊಸದು. ಒಂದೇ ಒಂದು. ಬೇಯಿಸಿದ ಮೀನಿನ ಮುಳ್ಳು ಬಿಡಿಸಿ, ಅದರ ಅಡಿಯಲ್ಲಿ ಕಾಣದ ಹಾಗೆ ಸೇರಿಸಿದೆ. ದೊರೆ ಬಂದರು, ಮೂಸಿದರು, ನನ್ನ ಮುಖ ನೋಡಿದರು. ಆಮೇಲೆ ತಟ್ಟೆಯ ಸುತ್ತ ನೆಲ ಕೆರೆಯತೊಡಗಿದರು. ಅದು ಬೆಕ್ಕು ಏನನ್ನು ಮುಚ್ಚುವಾಗ ಮಾಡುವ ಕೆಲಸವೆಂದು ಎಲ್ಲರಿಗೂ ಗೊತ್ತು. ನನ್ನ ಕೈಯಡುಗೆಗೆ ಇಷ್ಟು ನೇರವಾದ ಅಭಿಪ್ರಾಯ ಇದುವರೆಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಬರೀ ಮೀನು ಹಾಕಿದೆ. ಅದನ್ನೂ ಅರ್ಧ ಬಿಟ್ಟ. ಅಕ್ಕ ಬೆರಳಲ್ಲಿ ಹಿಸುಕಿ ಕೊಡುತ್ತಿದ್ದಳು, ನಾನು ಚಮಚದಲ್ಲಿ ಹಿಸುಕುತ್ತೇನೆ. ಮೀನು ಮುಟ್ಟಿದ ಕೈಯಲ್ಲಿ ಬಟ್ಟೆ ಮುಟ್ಟುವುದು ಹೇಗೆ?

ನಾನು ಸಿಂಕಿನ ಹತ್ತಿರ ನಿಂತುಕೊಂಡೇ ಬ್ರೆಡ್ ತಿಂದೆ. ಒಬ್ಬಳಿಗಾಗಿ ಮೇಜಿನ ಮೇಲೆ ತಟ್ಟೆ ಇಡುವುದು ನಾಟಕದ ಹಾಗೆ ಅನಿಸುತ್ತದೆ.

ಮಾರ್ಚ್ ೬, ಗುರುವಾರ

ತಿಂದ! ಹೊಸದು ಸೇರಿಸಿದ್ದನ್ನೇ ತಿಂದ!

ಗಂಟು ಬಂತು. ತಂದು ಅಡುಗೆಮನೆಯ ನೆಲದ ಮೇಲೆ ಇಟ್ಟು ನೀರು ಕುಡಿಯುತ್ತಿದ್ದೆ. ಎಲ್ಲಿದ್ದನೋ, ಓಡಿ ಬಂದ. ಗಂಟಿಗೆ ಕೆನ್ನೆ ಉಜ್ಜಿದ, ತಲೆ ಉಜ್ಜಿದ, ಮೇಲೆ ಹತ್ತಿ ಕಾಲಿಂದ ಒತ್ತಿ ಒತ್ತಿ ಮಲಗಿದ. ನನಗೇನು ಹೊಳೆಯಿತೋ, ತಟ್ಟೆಯನ್ನು ಅವನ ಮೂಗಿನ ಹತ್ತಿರ ಹೊದಿಕೆಯ ಅಂಚಿನ ಮೇಲೇ ಇಟ್ಟೆ. ಮಲಗಿದಲ್ಲಿಂದಲೇ ತಿಂದ.

ಹೊದಿಕೆಗೆ ಅಕ್ಕನ ವಾಸನೆಯಿದೆ. ಗುರುತು ಹಾಕುವ ಸೀಮೆಸುಣ್ಣದ ಪುಡಿ, ಅವಳ ಸೋಪು, ಕತ್ತರಿಯ ತಿರುಗುಣಿಗೆ ಹಾಕುವ ಎಣ್ಣೆ. ಅವನು ತಿಂದು ಎದ್ದ ಮೇಲೆ ಬಾಗಿಲು ಹಾಕಿ ಬಂದು ನಾನೂ ಅದರಲ್ಲಿ ಮುಖವಿಟ್ಟೆ. ಅಳು ಬಂತು. ಅಕ್ಕಾ, ನೀನಿಲ್ಲದೆ ನನಗೆ ಆಗುವುದಿಲ್ಲ ಎಂದು ಗಂಟಿಗೆ ಹೇಳಿದೆ. ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ.

ಮಾರ್ಚ್ ೯, ಭಾನುವಾರ

"ತಿಂದ್ನಾ?" ಅಂದಳು ಅಕ್ಕ.

"ಎಲ್ಲಿ ತಿಂತಾನೆ. ಮೂಸಿ ಕೂಡ ನೋಡಲ್ಲ."

ಮೂರು ಹೊತ್ತೂ ತಿಂದಿದ್ದ. ಯಾಕೆ ಹಾಗಂದೆನೋ. ಅಂದ ಮೇಲೆ ಅಕ್ಕ ಫೋನ್ ಇಡಲೇ ಇಲ್ಲ. ಬಿಸಿನೀರು ಸೇರಿಸು, ತಟ್ಟೆ ಬೆಚ್ಚಗೆ ಮಾಡು, ಮೀಸೆಗೆ ತಗಲದ ಹಾಗೆ ಅಗಲದ ತಟ್ಟೆ ತಗೋ ಎಂದು ಹೇಳುತ್ತಾ ಹೋದಳು. ಅಲ್ಲಿನ ಊಟ ಹೇಗಿದೆ ಎಂದು ಕೇಳಿದೆ. "ಇವರಿಗೆ ಉಪ್ಪು ಹಾಕೋ ಹಾಗಿಲ್ವಲ್ಲ. ನಾನೂ ದೊರೆ ಹಾಗೇ, ಒಂದೊಂದು ಚಿಟಿಕೆ ಕಡಿಮೆ ಮಾಡ್ತಾ ಬರ್ತಿದೀನಿ" ಎಂದು ನಕ್ಕಳು. ಆಮೇಲೆ ತಾನಾಗಿಯೇ ಅಂದಳು: "ಇಷ್ಟು ಹಟ ಮಾಡಿದ್ರೆ ನಾನೇ ಬಂದು ಬಿಡ್ಲಾ ಒಂದಷ್ಟು ದಿನ?"

ನೋಡೋಣ ಎಂದೆ. ಬಾ ಎಂದರೆ ಬಣ್ಣ ಬಯಲಾಗುತ್ತಿತ್ತು.

ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎಂದು ಬೆಕ್ಕಿಗೆ ಹೇಳುತ್ತಾರೆ. ಈ ಮನೆಯ ಬೆಕ್ಕು ಕಣ್ಣು ಬಿಟ್ಟುಕೊಂಡೇ ತಿನ್ನುತ್ತದೆ. ಕಣ್ಣು ಮುಚ್ಚಿದವಳು ನಾನು.

ನಾಳೆ ಹೊದಿಕೆ ವಾಪಸು ಹೋಗಬೇಕು. ಒಂದು ಮೂಲೆ ಹರಿದು ತಟ್ಟೆಯ ಕೆಳಗಿಡಲು ಇಟ್ಟುಕೊಂಡೆ. ಕತ್ತರಿ ಹಾಕಲಿಲ್ಲ, ಕೈಯಲ್ಲೇ ಹರಿದೆ.

ಮಾರ್ಚ್ ೧೩, ಗುರುವಾರ

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಮ್ಮನೆ ಅಲ್ಲ.

ಆ ಹರಿದ ಮೂಲೆಯ ವಾಸನೆ ಎರಡೇ ದಿನಕ್ಕೆ ಹೋಯಿತು. ನಿನ್ನೆ ಮಧ್ಯಾಹ್ನದಿಂದ ದೊರೆ ಏನೂ ಮುಟ್ಟಿರಲಿಲ್ಲ. ಮೀನೂ ಬೇಡ, ಹೊಸದೂ ಬೇಡ. ಕಪಾಟಿನ ಕೆಳಗೆ ಸೇರಿಕೊಂಡು, ಕರೆದರೆ ಕಿವಿ ಸಹ ಅಲ್ಲಾಡಿಸಲಿಲ್ಲ. ಅಕ್ಕನಿಗೆ ಸುಳ್ಳು ಹೇಳಿದ್ದೇ ನಿಜವಾಯಿತಲ್ಲ. ಅವನಿಗೇನಾದರೂ ಆದರೆ ಅಕ್ಕನ ಕಡೆಯದು ಎಂದು ಈ ಮನೆಯಲ್ಲಿ ಉಸಿರಾಡುವುದು ಏನೂ ಉಳಿಯುವುದಿಲ್ಲ. ಡಾಕ್ಟರ ಹತ್ತಿರ ಒಯ್ಯಲು ಬುಟ್ಟಿ ಇಳಿಸಿದೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಇದೊಂದು ನೋಡಿಬಿಡೋಣ ಎಂದು ಓಡಿದೆ.

ತಂದವಳೇ ಗಂಟು ಬಿಚ್ಚಿ ಹರವಿದೆ. ತುಂಡುಗಳನ್ನು ತೆಗೆದಿಡಲಿಲ್ಲ, ವಾಸನೆ ಹೆಚ್ಚಿರಲಿ ಎಂದು ಅದರ ಮೇಲೇ ತಟ್ಟೆ ಇಟ್ಟೆ. ಬಂದ. ಗಬಗಬ ತಿಂದ. ತಿಂದದ್ದನ್ನೆಲ್ಲ ಹಾಗೆಯೇ ಕಕ್ಕಿದ. ಎಲ್ಲಿ? ವಯೋಲಿನ್ ಟೀಚರು ಹೊಲಿಯಲು ಕೊಟ್ಟ ಮಖಮಲ್ ಕೋಟಿನ ಎಡತೋಳಿನ ಮೇಲೆ.

ಆಮೇಲೆ ನಿಧಾನವಾಗಿ ಸ್ವಲ್ಪ ತಿಂದು ಉಳಿಸಿಕೊಂಡ. ಅವನು ಬದುಕಿದ. ನಾನು ಸತ್ತೆ.

ಮಾರ್ಚ್ ೧೫, ಶನಿವಾರ

ಮಖಮಲ್ಲಿನ ಕಲೆ ಹೋಗಲಿಲ್ಲ, ತಿಕ್ಕಿದಷ್ಟೂ ಮೆತ್ತಿಕೊಂಡಿತು. ಟೀಚರಿಗೆ ಇಪ್ಪತ್ಮೂರಕ್ಕೆ ಕೋಟು ಬೇಕು. ಅಂದು ಅವರು ಶಾಲೆಯಿಂದ ನಿವೃತ್ತರಾಗುವ ಸಮಾರಂಭ. ಅಕ್ಕ ಬರುವ ವಾರ ಪೂರ್ತಿ ಗಾರ್ಡಿನ ತಂಗಿಯ ಮನೆಯಲ್ಲಿ, ಗಂಟು ಕಳಿಸಬೇಡ ಎಂದಿದ್ದಾಳೆ. ಬೇರೆ ದಾರಿಯಿಲ್ಲ. ಜವಳಿ ಅಂಗಡಿಯಲ್ಲಿ ಅದೇ ಥಾನಿನ ಬಟ್ಟೆ ಇನ್ನೂ ಇತ್ತು, ಕೊಂಡು ತಂದೆ.

ಅಕ್ಕನ ಮೇಜಿನ ಮುಂದೆ ನಿಂತೆ. ಅವಳು ಹೋದಾಗಿನಿಂದ ಅದರ ಮೇಲೆ ಇಸ್ತ್ರಿ ಆಗಬೇಕಾದ ಬಟ್ಟೆಗಳ ರಾಶಿ. ತೆಗೆದೆ, ಒರೆಸಿದೆ. ಕೆಟ್ಟ ತೋಳನ್ನೇ ಮಾದರಿ ಮಾಡಿ ಇಟ್ಟು, ಗುರುತು ಹಾಕಿ, ಉಸಿರು ಬಿಗಿಹಿಡಿದು ಕತ್ತರಿ ಹಾಕಿದೆ. ಎತ್ತಿ ಹಿಡಿದರೆ ಬಲತೋಳು ಕಡುನೀಲಿ, ಇದು ಬಿಳಿಚಿಕೊಂಡ ನೀಲಿ! ಮಖಮಲ್ಲಿಗೆ ಸಣ್ಣ ಕೂದಲಿನಂಥ ನವಿರಿರುತ್ತದೆ, ಎಲ್ಲ ತುಂಡಿನಲ್ಲೂ ಅದು ಒಂದೇ ದಿಕ್ಕಿಗೆ ಮಲಗಬೇಕು. ಬಟ್ಟೆ ಉಳಿಸುವ ಆಸೆಗೆ ತಲೆಕೆಳಗೆ ಇಟ್ಟಿದ್ದೆ. ಅಕ್ಕ ತುಂಡಿನ ಹಿಂದೆ ಬರೆಯುವ ಬಾಣದ ಗುರುತು ನೋಡಿ ನೋಡಿ ಇಷ್ಟು ವರ್ಷ ಹೊಲಿದವಳು ನಾನು. ಬಾಣ ಬರೆಯುವ ಮೊದಲು ಅವಳು ಅಂಗೈಯಲ್ಲಿ ಬಟ್ಟೆ ಸವರುತ್ತಿದ್ದಳಲ್ಲ, ಅದು ಯಾಕೆಂದು ಕೇಳಿರಲಿಲ್ಲ. ಬಟ್ಟೆಯ ಮೇಲಿನ ಮುದ್ದು ಅಂದುಕೊಂಡಿದ್ದೆ.

ಮೂಲೆಯಲ್ಲಿ ದೊರೆ ಮಲಗಿದ್ದ. ಹೋಗಿ ಬೆನ್ನು ಸವರಿದೆ, ತಲೆಯಿಂದ ಬಾಲಕ್ಕೆ. ತಿರುಗಿ ಬಾಲದಿಂದ ತಲೆಗೆ ಸವರಿದರೆ ಗುರ್ರೆಂದ. ಅರ್ಥವಾಯಿತು ಮಹಾಪ್ರಭು ಎಂದು ಎದ್ದು ಬಂದು ಇನ್ನೊಂದು ತೋಳು ಕತ್ತರಿಸಿದೆ. ಈ ಸಲ ಭುಜದ ಹತ್ತಿರ ಒಂದು ಬೆರಳು ಹೆಚ್ಚು ಬಿಟ್ಟೆ. ಟೀಚರು ಪ್ರತಿ ಸಲವೂ ಕೋಟು ಹಾಕಿ ನೋಡುವಾಗ ಎಡಗೈ ಎತ್ತಿ ವಯೋಲಿನ್ ಹಿಡಿದಂತೆ ಮಾಡುತ್ತಾರೆ, ಕಂಕುಳಲ್ಲಿ ಹಿಡಿಯುತ್ತದೆ ಅನ್ನುತ್ತಾರೆ. ಅದು ಗೊತ್ತಿರುವುದು ನನಗೆ, ಅಳತೆಯ ಚೀಟಿಗಲ್ಲ.

ಮಾರ್ಚ್ ೧೬, ಭಾನುವಾರ

ದೊರೆ ತಿಂದ. ತೋಳು ಕೂಡಿಸುತ್ತಿದ್ದೆ, ಹಸಿವು ಎಂದು ಕಾಲಿಗೆ ಸುತ್ತಿಕೊಂಡ. ಸೀಮೆಸುಣ್ಣ ಹತ್ತಿದ ಕೈ ತೊಳೆಯಲು ಸೋಮಾರಿತನ, ಚಮಚ ಹುಡುಕಲೂ ಸೋಮಾರಿತನ. ಹಾಗೆಯೇ ಬೆರಳಲ್ಲಿ ಕಲಸಿ ಮುಂದಿಟ್ಟೆ. ಗಂಟಿಲ್ಲ, ಹೊದಿಕೆಯಿಲ್ಲ, ಏನಿಲ್ಲ. ಅರ್ಧಕ್ಕರ್ಧ ಹೊಸದು. ನೆಕ್ಕಿ ನೆಕ್ಕಿ ತಿಂದ. ಈ ಬೆಕ್ಕುಗಳ ಮನಸ್ಸು ಯಾರಿಗೆ ಗೊತ್ತಾಗುತ್ತದೆ.

ಮಾರ್ಚ್ ೧೯, ಬುಧವಾರ

ಮುಕ್ಕಾಲು ಹೊಸದು. ಪಕ್ಕದ ಬೀದಿಯವರ ಸ್ಕರ್ಟೂ ನಾನೇ ಕತ್ತರಿಸಿದೆ. ಸುಲಭದ್ದು. ಮೇಜಿನ ಮೇಲೆ ಜಾಗ ಮಾಡಿಕೊಂಡು ಅಲ್ಲೇ ಕೂತು ಊಟ ಮಾಡಿದೆ. ಬೇಳೆ ಬೇಯಿಸಿದ್ದೆ.

ಶನಿವಾರ ಅಕ್ಕ ಬರುತ್ತಾಳೆ! ವಾಪಸು ಹೋಗುವಾಗ ಇಲ್ಲಿಳಿದು ಸಂಜೆ ಬಸ್ಸಿಗೆ ಹೋಗುತ್ತಾರಂತೆ. ದೊರೆ ಅವಳನ್ನು ನೋಡಿದರೆ ಬಿಡುತ್ತಾನೆಯೇ? ಮಡಿಲು ಬಿಟ್ಟು ಇಳಿಯುವುದಿಲ್ಲ. ಅಕ್ಕನ ಕರುಳು ನನಗೆ ಗೊತ್ತಿಲ್ಲವೇ. ಇವತ್ತು ಇದ್ದು ಬಿಡ್ತೀನಿ ಕಣೇ ಅಂದೇ ಅನ್ನುತ್ತಾಳೆ.

ಮಾರ್ಚ್ ೨೨, ಶನಿವಾರ

ಬಂದಳು, ಹೋದಳು.

ಗಾರ್ಡು ಒಳಗೆ ಬರಲಿಲ್ಲ. ಎದುರಿನ ಬೆಂಚಿನ ಮೇಲೆ ಕರವಸ್ತ್ರ ಹಾಸಿಕೊಂಡು, ಗಡಿಯಾರ ನೋಡಿಕೊಳ್ಳುತ್ತಾ ಕೂತ. ಅಕ್ಕ ಸೊರಗಿದ್ದಾಳೆ. ಇಲ್ಲ, ಸೊರಗಿಲ್ಲ, ಕೂದಲು ಬೇರೆ ಥರ ಬಾಚಿದ್ದಾಳೆ.

ಬರುವಾಗಲೇ ಮೀನು ತಂದಿದ್ದಳು. "ಒಂದು ತುತ್ತು ತಿಂದ್ರೆ ಡಾಕ್ಟರು ಜೈಲಿಗೆ ಹಾಕಲ್ಲ ಬಿಡು." ಬೇಯಿಸಿ, ಮುಳ್ಳು ಬಿಡಿಸಿ, ಬೆರಳಲ್ಲಿ ಹಿಸುಕಿ, "ಬಾರೋ ದೊರೆ, ಬಾರೋ ನನ್ನಪ್ಪ" ಎಂದು ಹಳೆಯ ದನಿಯಲ್ಲೇ ಕರೆದಳು. ನಾನು ಬೆಳಿಗ್ಗೆಯಿಂದ ಅವನಿಗೆ ಅರೆಹೊಟ್ಟೆ ಮಾತ್ರ ಹಾಕಿದ್ದೆ. ಬಂದ. ಅಕ್ಕನ ಕೈ ಮೂಸಿದ, ಕಾಲಿಗೆ ಬೆನ್ನು ಉಜ್ಜಿದ. ತಟ್ಟೆ ಮೂಸಿದ. ಆಮೇಲೆ, ಅಯ್ಯೋ, ತಟ್ಟೆಯ ಸುತ್ತ ನೆಲ ಕೆರೆದ. ಕೆರೆದು, ಡಬ್ಬಿ ಇಡುವ ಕಪಾಟಿನ ಮುಂದೆ ಹೋಗಿ ಕೂತು ನನ್ನನ್ನು ನೋಡಿ ಕೂಗಿದ.

ಅಕ್ಕ ನಕ್ಕಳು. "ಎಲಾ ಇವನ! ಮೂಸಿ ಕೂಡ ನೋಡಲ್ಲ ಅಂದಿದ್ದೆ?"

"ಈಗೀಗ ಸ್ವಲ್ಪ..." ಅಂದೆ.

ಕೈ ತೊಳೆಯಲು ಹೋದವಳು ಬಹಳ ಹೊತ್ತು ತೊಳೆದಳು. ಬಂದು ಅಂಗಡಿಯೊಳಗೆ ಸುಮ್ಮನೆ ಅಡ್ಡಾಡಿದಳು. ಅವಳ ಮೇಜು ನೋಡಿದಳು. ನೇತುಹಾಕಿದ್ದ ಮಖಮಲ್ ಕೋಟಿನ ಮುಂದೆ ನಿಂತು, ಎಡತೋಳನ್ನು ಅಂಗೈಯಲ್ಲಿ ಸವರಿದಳು.

"ಇದು ನನ್ನ ಕಟಿಂಗ್ ಅಲ್ಲ."

ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ತೋಳಿನೊಳಗೆ ಕೈ ಹಾಕಿ, ವಯೋಲಿನ್ ಹಿಡಿದ ಹಾಗೆ ಎತ್ತಿ ನೋಡಿದಳು. "ಒಂದು ಬೆರಳು ಬಿಟ್ಟಿದೀಯ. ನನಗೆ ಹೊಳೆದೇ ಇರಲಿಲ್ಲ ನೋಡು. ಚೆನ್ನಾಗಿದೆ ಕಣೇ." ತೋಳಿನಿಂದ ಕೈ ತೆಗೆದು, "ಹಾಗಾದ್ರೆ ನಾನಿಲ್ದೆ ನಡೀತಿದೆ" ಅಂದಳು.

ಇರು, ಹೋಗಬೇಡ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. "ಹೂಂ, ನಡೀತಿದೆ" ಅಂದೆ. ಹಾಳಾದ ಬಾಯಿ.

ಅಷ್ಟರಲ್ಲಿ ಎದುರಿನಿಂದ ಗಾರ್ಡು ಎದ್ದು ನಿಂತ. ಬಸ್ಸಿನ ಹೊತ್ತು. ಅಕ್ಕ ಬಿಟ್ಟುಹೋದ ಮೀನನ್ನು ನಾನೇ ತಿಂದೆ. ಉಪ್ಪೇ ಇರಲಿಲ್ಲ.

ಮಾರ್ಚ್ ೨೪, ಸೋಮವಾರ

ಟೀಚರು ಕೋಟು ಹಾಕಿಕೊಂಡು ವಯೋಲಿನ್ ನುಡಿಸಿದರಂತೆ, ಹೇಳಿ ಕಳಿಸಿದ್ದಾರೆ.

ಗಂಟು ಕಳಿಸಲಿಲ್ಲ. ಇರುವ ಕೆಲಸ ನಾನೇ ಕತ್ತರಿಸಬಲ್ಲೆ. ಅಕ್ಕನಿಗೂ ಓಡಾಟ ತಪ್ಪಲಿ. ನೀಲಿ ಹೊದಿಕೆ ದೊರೆಯ ಹಾಸಿಗೆಯಾಗಿದೆ.

ಮಾರ್ಚ್ ೩೧, ಸೋಮವಾರ

ಇವತ್ತೂ ಕಳಿಸಲಿಲ್ಲ. ಅಕ್ಕ ಫೋನಿನಲ್ಲಿ ಏನೂ ಕೇಳಲಿಲ್ಲ. "ತಿಂದ್ನಾ?" "ತಿಂದ." "ಸರಿ ಹಾಗಾದ್ರೆ." ಮಾತು ಮುಗಿಯಿತು. ತಿನ್ನದ ಬೆಕ್ಕಿಗೆ ಎಷ್ಟು ಮಾತಿತ್ತು.

ಏಪ್ರಿಲ್ ೩, ಗುರುವಾರ

ಡಾಕ್ಟರಮ್ಮ ರಕ್ತ ನೋಡಿ, ಕಿಡ್ನಿಯ ತೊಂದರೆ ಇಳಿದಿದೆ, ಹೀಗೇ ಮುಂದುವರಿಸಿ ಅಂದಳು. ಈಗ ಪೂರ್ತಿ ಹೊಸ ಊಟ. ಖುಷಿ ಆಗಬೇಕಿತ್ತು. ಆಯಿತು ಕೂಡ. ಆದರೂ ವಾಪಸು ಬರುವಾಗ ಬೆಕ್ಕಿನ ಬುಟ್ಟಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದೆ. ಕಂಡಕ್ಟರು ಕೈಯಾಡಿಸಿ, "ಇವತ್ತು ಏನೂ ಇಲ್ಲ ಅಕ್ಕಾ" ಅಂದ. ಗೊತ್ತು ಅಂದೆ. ಮತ್ತೆ ಯಾಕೆ ಬಂದೆ ಎಂದು ಅವನೂ ಕೇಳಲಿಲ್ಲ.

ಏಪ್ರಿಲ್ ೬, ಭಾನುವಾರ

ಫೋನು ಬಂತು. ಅಕ್ಕನ ನಂಬರು. "ಹೂಂ" ಅಂದಿತು ಆ ಕಡೆ. ಅಕ್ಕನಿಗೇನಾಯ್ತು ಎಂದು ಕೂಗಿದೆ.

"ಏನಿಲ್ಲ, ಏನಿಲ್ಲ. ಸ್ನಾನಕ್ಕೆ ಹೋಗಿದಾರೆ. ಒಂದು ಮಾತು ಕೇಳೋಣ ಅಂತ." ಆಮೇಲೆ ಆ ಮನುಷ್ಯ ಮಾತಾಡಿದರು. ಇಷ್ಟು ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

"ಹಿಂದಿನ ಎರಡು ಸೋಮವಾರಾನೂ ನಿಮ್ಮಕ್ಕ ಬಸ್ ಸ್ಟ್ಯಾಂಡಿಗೆ ಹೋಗಿದ್ರು. ಗಂಟು ಬರಲಿಲ್ಲ. ಬಸ್ಸು ಖಾಲಿಯಾದ ಮೇಲೂ ನಿಂತೇ ಇದ್ರು. ಮನೆಗೆ ಬಂದು ಕತ್ತರಿ ಒರೆಸಿ ಒರೆಸಿ ಇಡ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಹಾಗೆ ನಿಂತವರನ್ನ ನಾನು ಬೇಕಾದಷ್ಟು ನೋಡಿದೀನಿ. ಅವರನ್ನ ಅಲ್ಲೇ ಬಿಟ್ಟು ಗಾಡಿ ಬಿಡೋದೇ ನನ್ನ ಕೆಲಸ ಆಗಿತ್ತು. ಮನೇಲೂ ಹಾಗೆ ಮಾಡೋಕಾಗಲ್ಲ ನೋಡಿ."

ನಾನು ದೊರೆ ಮಲಗಿದ್ದ ನೀಲಿ ಹೊದಿಕೆಯತ್ತ ನೋಡಿದೆ.

"ನಿಮಗೆ ಕತ್ತರಿಸೋಕೆ ಬರುತ್ತಂತೆ, ಹೇಳಿದ್ರು. ಬಹಳ ಚೆನ್ನಾಗಿ ಬರುತ್ತಂತೆ. ಆದ್ರೂ ಕಳಿಸಿ."

"ಕಳಿಸ್ತೀನಿ" ಅಂದೆ.

"ಇನ್ನೊಂದು" ಅಂದರು. "ಆ ಹೊದಿಕೆ ಕೊಡವಬೇಡಿ. ಬೆಕ್ಕು ಮಲಗಿದ್ದು ಹೇಗಿರುತ್ತೋ ಹಾಗೇ ಕಟ್ಟಿ ಕಳಿಸಿ. ನಾನು ಮಾತ್ರೆ ನುಂಗ್ತೀನಿ."

ಭಾವ ಫೋನ್ ಇಟ್ಟುಬಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಕಾಯುವವಳು ನಾನೊಬ್ಬಳೇ ಅಂದುಕೊಂಡಿದ್ದೆನಲ್ಲ. ಎಂಥ ಪೆದ್ದಿ.

ಏಪ್ರಿಲ್ ೭, ಸೋಮವಾರ

ಬೆಳಿಗ್ಗೆ ಎದ್ದ ಕೂಡಲೇ ದೊರೆಯನ್ನು ಹೊದಿಕೆಯ ಮೇಲಿಂದ ಎತ್ತಿದೆ. ಒಪ್ಪಲಿಲ್ಲ, ಉಗುರು ಸಿಕ್ಕಿಸಿಕೊಂಡ. "ಸ್ವಲ್ಪ ದಿನ ಕೊಡೋ, ಅವಳಿಗೂ ಊಟ ಬದಲಾಗಿದೆ" ಎಂದು ಬಿಡಿಸಿಕೊಂಡೆ. ತಟ್ಟೆಯ ಕೆಳಗಿದ್ದ ಹರಿದ ಮೂಲೆಯನ್ನು ತಂದು, ಮೆಷಿನ್ನಿಗೆ ಕೊಟ್ಟು, ಅದರ ಜಾಗದಲ್ಲೇ ಮತ್ತೆ ಹೊಲಿದೆ. ಮೀನಿನ ವಾಸನೆ, ಡಬ್ಬಿ ಊಟದ ವಾಸನೆ, ಏನೇನೋ ಇದೆ ಅದರಲ್ಲಿ. ತೊಳೆಯಲಿಲ್ಲ.

ಗಂಟಿನಲ್ಲಿ ಒಂದು ಕೋಟು, ಎರಡು ಸ್ಕರ್ಟು ಇಟ್ಟೆ. ಎಲ್ಲ ಇವತ್ತೇ ನಾನು ಕತ್ತರಿಸಿ ಮುಗಿಸಬಹುದಾದವು. ಅಳತೆಯ ಚೀಟಿಯ ಕೊನೆಗೆ, "ಅಕ್ಕಾ, ಕೋಟಿನ ಕಾಲರು ನನಗೆ ಬರುವುದಿಲ್ಲ, ನೀನೇ ನೋಡು" ಎಂದು ಬರೆದೆ. ಸುಳ್ಳು. ಇರಲಿ.

ಕಂಡಕ್ಟರು ಗಂಟು ಇಸಿದುಕೊಂಡು ಅಂಗಿ ನೋಡಿಕೊಂಡ. "ಏನಕ್ಕಾ ಇದು, ಮೈಯೆಲ್ಲಾ ಕೂದಲು! ಕೊಡವೋದಲ್ವಾ?"

"ಹಾಗೇ ಇರಲಿ ಬಿಡಪ್ಪ" ಅಂದೆ. "ಅಲ್ಲಿಗೆ ತಲುಪಬೇಕಾಗಿರೋದೇ ಅದು."

ಬಸ್ಸು ಹೊರಟಿತು. ಅದು ಅಲ್ಲಿ ಸೇರುವ ಹೊತ್ತಿಗೆ ಭಾವ ಮಾತ್ರೆ ನುಂಗಿರುತ್ತಾರೆ.